ಸೇರಿದವರ ಲೆಕ್ಕ ಸಾಕು, ಉಳಿದವರ ಲೆಕ್ಕ ಕೊಡಿ

ಕರ್ನಾಟಕದ ಕಾರ್ಮಿಕ ಸಚಿವರಿಗೆ, ಕೌಶಲ್ಯಾಭಿವೃದ್ಧಿ ಸಚಿವರಿಗೆ, ಎರಡೂ ಇಲಾಖೆಗಳ ಅಧಿಕಾರಿಗಳಿಗೆ, ಹಾಗೇ ನಮ್ಮ ಕಾರ್ಖಾನೆ ಮಾಲೀಕರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತೇನೆ. ನನ್ನ ಹತ್ತಿರ ಕಲಿತ ಹುಡುಗರು ಪೀಣ್ಯ, ದಾಬಸ್‌ಪೇಟೆ, ವಸಂತನರಸಾಪುರ, ಬಿಡದಿ ಎಲ್ಲಾ ಕಡೆ ಕೆಲಸಕ್ಕೆ ಹೋಗಿದ್ದಾರೆ. ಅವರಲ್ಲಿ ತುಂಬಾ ಜನ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟಿದ್ದಾರೆ. ಯಾಕೆ ಬಿಟ್ಟರು ಅಂತ ಅವರನ್ನು ಯಾರೂ ಕೇಳಿಲ್ಲ. ನಾನು ಕೇಳಿದ್ದೇನೆ. ಅವರು ಹೇಳಿದ್ದನ್ನು ನಿಮ್ಮ ಮುಂದೆ ಇಡಬೇಕು ಅಂತಲೇ ಈ ಪತ್ರ.

ಉದ್ಯಮಿಗಳ ಸಭೆ ಎಲ್ಲಿ ನಡೆದರೂ ಎರಡು ಮಾತು ಕೇಳಿಬರುತ್ತವೆ. ಒಂದು, ಕೆಲಸ ಗೊತ್ತಿರುವವರು ಸಿಗುತ್ತಿಲ್ಲ. ಇನ್ನೊಂದು, ಸಿಕ್ಕವರು ನಿಲ್ಲುತ್ತಿಲ್ಲ. ಮೊದಲ ಮಾತಿಗೆ ಸರ್ಕಾರ ದುಡ್ಡು ಸುರಿಯುತ್ತಿದೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದೀರಿ. ರೋಬಾಟ್, ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮೆಷಿನ್, ಎಲೆಕ್ಟ್ರಿಕ್ ವಾಹನದ ಲ್ಯಾಬ್ ಎಲ್ಲಾ ಬಂದಿವೆ. ಹಳ್ಳಿಯ ಹುಡುಗನೊಬ್ಬ ಇಂಥ ಮೆಷಿನ್ ಮುಟ್ಟಿ ಕಲಿಯುವುದನ್ನು ನೋಡಿದರೆ ಬೋಧಕನಾಗಿ ನನಗೆ ನಿಜಕ್ಕೂ ಖುಷಿಯಾಗುತ್ತೆ. ಆದರೆ ಎರಡನೇ ಮಾತಿಗೆ, ನಿಲ್ಲುತ್ತಿಲ್ಲ ಅನ್ನೋ ಮಾತಿಗೆ, ಯಾರ ಹತ್ತಿರವೂ ಯೋಜನೆ ಇಲ್ಲ. 'ಈಗಿನ ಹುಡುಗರಿಗೆ ಮೈ ಬಗ್ಗಲ್ಲ' ಅಂದು ಮುಗಿಸಿಬಿಡುತ್ತಾರೆ.

ಮೈ ಬಗ್ಗಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಫಿಟ್ಟರ್ ಟ್ರೇಡ್‌ಗೆ ಸೇರಿದ ಹುಡುಗ ಮೊದಲು ಏನು ಮಾಡುತ್ತಾನೆ ಗೊತ್ತಾ? ಅವನ ಕೈಗೆ ಎರಡು ತುಂಡು ಕಬ್ಬಿಣದ ಪ್ಲೇಟ್ ಕೊಡುತ್ತೇವೆ. ಒಂದರಲ್ಲಿ ವಿ ಆಕಾರದ ಕಚ್ಚು, ಇನ್ನೊಂದರಲ್ಲಿ ಆ ಕಚ್ಚಿಗೆ ಕೂರುವ ಮೊನೆ. ಹ್ಯಾಕ್ಸಾದಲ್ಲಿ ಕೊಯ್ದು, ಫೈಲ್‌ನಲ್ಲಿ ಉಜ್ಜಿ ಎರಡನ್ನೂ ಕೂರಿಸಬೇಕು. ಶುರುವಿನಲ್ಲಿ ಎಲ್ಲರ ಕೈಯೂ ಜೋಲಿ ಹೊಡೆಯುತ್ತೆ. ಅಂಚು ಇಳಿಯುತ್ತೆ, ನಡು ಉಬ್ಬುತ್ತೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ದಪ್ಪ ಆಗುತ್ತೆ. ಕೊನೆಗೊಂದು ದಿನ ಎರಡೂ ಪ್ಲೇಟನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಅವನು ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳತೆ ಓದುತ್ತಿರುತ್ತಾನೆ. ಈ ಟ್ರೇಡ್ ಎರಡು ವರ್ಷದ್ದು. ಮೈ ಬಗ್ಗದವನು ಆ ಎರಡು ವರ್ಷ ಮುಗಿಸೋದಿಲ್ಲ.

ಅದೇ ಹುಡುಗ ಕಾರ್ಖಾನೆಗೆ ಹೋದಾಗ ಏನಾಗುತ್ತೆ? ಟ್ರೇಯಿಂದ ಪಾರ್ಟ್ ಎತ್ತಬೇಕು, ಫಿಕ್ಸ್ಚರ್‌ನಲ್ಲಿ ಇಡಬೇಕು, ಎರಡೂ ಕೈಯಲ್ಲಿ ಎರಡು ಬಟನ್ ಒತ್ತಬೇಕು, ತೆಗೆದು ಪಕ್ಕದ ಟ್ರೇಗೆ ಹಾಕಬೇಕು. ಇಡೀ ಶಿಫ್ಟ್ ಇದೇ. ಈ ಕೆಲಸ ಕಲಿಯಲು ಅರ್ಧ ದಿನ ಸಾಕು. ಪಕ್ಕದಲ್ಲಿ ನಿಂತಿರುವವನು ಎಸ್‌ಎಸ್‌ಎಲ್‌ಸಿ ಆಗಿ ನೇರ ಬಂದವನು. ಇಬ್ಬರಿಗೂ ಒಂದೇ ಸಂಬಳ. 'ಸಾರ್, ವರ್ನಿಯರ್ ಹಿಡಿದು ಆರು ತಿಂಗಳಾಯ್ತು, ಮರೆತೇ ಹೋಗ್ತಿದೆ' ಅಂತ ಒಬ್ಬ ಫೋನ್ ಮಾಡಿದ್ದ. ಅವನು ದೂರು ಹೇಳಲು ಮಾಡಿದ ಫೋನ್ ಅಲ್ಲ ಅದು. ಮೇಂಟೆನೆನ್ಸ್ ವಿಭಾಗಕ್ಕೆ ಹಾಕಿಸಿಕೊಳ್ಳೋದು ಹೇಗೆ ಅಂತ ಕೇಳಲು ಮಾಡಿದ್ದು. ಅವನನ್ನು ನೇಮಿಸಿದ್ದು ಕಾಂಟ್ರಾಕ್ಟರ್. ಹಾಗಾಗಿ ಕಂಪನಿಯ ಎಚ್‌ಆರ್ ಅವನ ಜೊತೆ ಮಾತೇ ಆಡಲಿಲ್ಲ. ಎಂಟನೇ ತಿಂಗಳಿಗೆ ಅವನು ಬಿಟ್ಟ.

ಕೌಶಲ್ಯ ಕಲಿಸಿ ಅಂತ ಕೇಳುವ ಮಾಲೀಕರು ಆ ಕೌಶಲ್ಯವನ್ನು ಬಳಸಿಕೊಳ್ಳುತ್ತಿದ್ದಾರಾ? ಬಳಸಿದರೆ ಅದಕ್ಕೆ ಬೆಲೆ ಕೊಡುತ್ತಿದ್ದಾರಾ? ಒಬ್ಬ ಮಾಲೀಕರೂ ಈ ಪ್ರಶ್ನೆಗೆ ನನಗೆ ನೇರ ಉತ್ತರ ಕೊಟ್ಟಿಲ್ಲ.

ಇನ್ನು ಸಂಬಳ. ಉದ್ಯೋಗ ಮೇಳದಲ್ಲಿ 18,000 ರೂಪಾಯಿ ಅಂತ ಬ್ಯಾನರ್ ಹಾಕುತ್ತಾರೆ. ಹುಡುಗ ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳುತ್ತಾನೆ. ಅಪ್ಪ ಸೊಸೈಟಿ ಸಾಲದ ಲೆಕ್ಕ ಹಾಕಿಕೊಳ್ಳುತ್ತಾನೆ. ಆ 18,000 ಸಿಟಿಸಿ, ಅಂದರೆ ಅವನ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು ಅಂತ, ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು, ಇಎಸ್‌ಐ ಅನ್ನೋ ಆರೋಗ್ಯ ವಿಮೆಯ ಪಾಲೂ ಸೇರಿದೆ ಅಂತ ಯಾರೂ ಬಿಡಿಸಿ ಹೇಳೋದಿಲ್ಲ. ಒಬ್ಬ ಹುಡುಗನ ಸಂಬಳದ ಚೀಟಿಯನ್ನು ನಾನೇ ಕೂತು ಓದಿದೆ. ಕಂಪನಿಯ ಪಾಲು ತೆಗೆದರೆ ಸುಮಾರು 15,800. ಅದರಲ್ಲಿ ಅವನ ಪಾಲಿನ ಪಿಎಫ್, ಇಎಸ್‌ಐ ಹೋದರೆ 14,000. ಕ್ಯಾಂಟೀನ್, ಬಸ್ ಎರಡನ್ನೂ ಕಳೆದರೆ ಬ್ಯಾಂಕಿಗೆ ಬಂದದ್ದು 12,300ರ ಹತ್ತಿರ. ನಾಲ್ಕು ಜನ ಸೇರಿ ಮಾಡಿದ ರೂಮಿನ ಬಾಡಿಗೆಯಲ್ಲಿ ಅವನ ಪಾಲು, ರಾತ್ರಿ ಊಟ, ಫೋನ್ ರೀಚಾರ್ಜ್, ಊರಿಗೆ ಹೋಗಿ ಬರುವ ಖರ್ಚು ಎಲ್ಲಾ ಇದರಲ್ಲೇ. ಪಿಎಫ್ ಕಟ್ ಆಗೋದು ಅವನ ಒಳ್ಳೆಯದಕ್ಕೇ, ಅದು ಉಳಿತಾಯ, ಸರಿ. ಆದರೆ 18,000 ಅಂತ ನಂಬಿ ಬಂದವನಿಗೆ ಮೊದಲ ತಿಂಗಳೇ ಮೋಸ ಹೋದೆ ಅನ್ನಿಸಿಬಿಡುತ್ತೆ. ಆ ಬೇಜಾರು ಆಮೇಲೆ ಹೋಗೋದಿಲ್ಲ.

ಇದು ಸಣ್ಣ ವಿಷಯ ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಏನಾಯಿತು ಅಂತ ನಿಮಗೆ ನೆನಪಿದೆ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಹಿಂಸೆಯನ್ನು ನಾನು ಸಮರ್ಥಿಸಲ್ಲ. ಆದರೆ ಅದರ ಹಿಂದೆ ಇದ್ದದ್ದು ಸಂಬಳ ಮತ್ತು ಓವರ್‌ಟೈಮ್ ಲೆಕ್ಕದ ಗೊಂದಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಾಂಟ್ರಾಕ್ಟ್ ಏಜೆನ್ಸಿಗಳ ಮೂಲಕ ಬಂದವರು. ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲದ ಕಡೆ ಸಿಟ್ಟು ಬಾಗಿಲ ಮೇಲೆ ತಿರುಗುತ್ತೆ. ಅಲ್ಲಿ ಗಲಾಟೆಯಾಗಿ ಎಲ್ಲರಿಗೂ ಕಂಡಿತು. ಉಳಿದ ಕಡೆ ಹುಡುಗರು ಗಲಾಟೆ ಮಾಡದೆ ಸುಮ್ನೆ ಬ್ಯಾಗ್ ತಗೊಂಡು ಊರಿಗೆ ಹೋಗುತ್ತಾರೆ. ನಿಮ್ಮ ಕಡತದಲ್ಲಿ ಅವರು ಈಗಲೂ 'ಉದ್ಯೋಗ ಪಡೆದವರು'.

ಅಪ್ರೆಂಟಿಸ್‌ಗಳ ಕಥೆ ಇನ್ನೊಂದು ಥರ. 1961ರ ಅಪ್ರೆಂಟಿಸ್ ಕಾಯ್ದೆಯ ಉದ್ದೇಶ ಒಳ್ಳೆಯದೇ. ಐಟಿಐನಲ್ಲಿ ಕಲಿತದ್ದನ್ನು ನಿಜವಾದ ಕಾರ್ಖಾನೆಯಲ್ಲಿ ತಿದ್ದಿಕೊಳ್ಳಲಿ ಅಂತ. ಆದರೆ ಆ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. 2019ರ ನಿಯಮ ಐಟಿಐ ಮುಗಿಸಿದವನಿಗೆ ಇಟ್ಟ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. ಕೆಲವು ಕಡೆ ಇವರನ್ನು ಮೊದಲ ವಾರವೇ ಪ್ರೊಡಕ್ಷನ್ ಲೈನಿಗೆ ನಿಲ್ಲಿಸುತ್ತಾರೆ. ವರ್ಷ ಮುಗಿದ ಕೂಡಲೇ ಸರ್ಟಿಫಿಕೇಟ್ ಕೊಟ್ಟು ಕಳಿಸಿ, ಹೊಸ ಬ್ಯಾಚ್ ತಗೊಳ್ಳುತ್ತಾರೆ. ಕೆಲಸ ಕಾಯಂ ಆಗುತ್ತೆ ಅಂತ ಆಸೆ ಇಟ್ಟುಕೊಂಡವನು ಮತ್ತೆ ನನ್ನ ಹತ್ತಿರ ಬಂದು 'ಸಾರ್, ಬೇರೆ ಎಲ್ಲಾದ್ರೂ ಅಪ್ರೆಂಟಿಸ್ ಇದ್ಯಾ' ಅಂತ ಕೇಳುತ್ತಾನೆ. ಇಲ್ಲಿ ಕೈ ಬಿಟ್ಟದ್ದು ಹುಡುಗ ಅಲ್ಲ, ಕಂಪನಿ ಅಲ್ವಾ?

ಗಾರ್ಮೆಂಟ್ಸ್ ಬಗ್ಗೆ ಹೇಳದೆ ಈ ಪತ್ರ ಪೂರ್ತಿ ಆಗಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ತಾಯಿ, ಅಕ್ಕ ಗಾರ್ಮೆಂಟ್ಸ್‌ಗೆ ಹೋಗುವವರು. ಬೆಂಗಳೂರಿನಲ್ಲಿ ಈ ಉದ್ಯಮ ಲಕ್ಷಾಂತರ ಹೆಣ್ಣುಮಕ್ಕಳ ಮೇಲೆ ನಿಂತಿದೆ. ಈಗ ಕಾರ್ಖಾನೆಗಳು ಜಿಲ್ಲೆಗಳಿಗೂ, ತಾಲ್ಲೂಕುಗಳಿಗೂ ಬಂದಿವೆ. ಇಲ್ಲಿ 'ನಿಲ್ಲುತ್ತಿಲ್ಲ' ಅನ್ನುವ ದೂರು ಎಲ್ಲಕ್ಕಿಂತ ಜಾಸ್ತಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗೆ ಇಳಿದರಲ್ಲ, ಯಾವುದಕ್ಕೆ? ಕಂಪನಿ ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಅವರ ಹಿಂದೆ ದೊಡ್ಡ ಪಕ್ಷ ಇರಲಿಲ್ಲ, ದೊಡ್ಡ ನಾಯಕರು ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಆ ಹೋರಾಟದಲ್ಲಿ ನಾವು ಓದಿಕೊಳ್ಳಬೇಕಾದ ಒಂದು ಸತ್ಯ ಇತ್ತು. ತಿಂಗಳ ಸಂಬಳದಲ್ಲಿ ಏನೂ ಮಿಗದವರಿಗೆ ಇರುವ ಒಂದೇ ಗಂಟು ಪಿಎಫ್. ಮಗಳ ಕಾಲೇಜು ಫೀಸು, ಮನೆಯ ಭೋಗ್ಯದ ದುಡ್ಡು, ಆಪರೇಷನ್, ಎಲ್ಲಕ್ಕೂ ಅದೇ. ಆ ಗಂಟು ಪೂರ್ತಿ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬಿಡುತ್ತಾರೆ, ಪಿಎಫ್ ತೆಗೆಸುತ್ತಾರೆ, ಪಕ್ಕದ ಕಾರ್ಖಾನೆಗೆ ಹೊಸಬರಾಗಿ ಸೇರುತ್ತಾರೆ. ಅಲ್ಲಿಗೆ ಅವರ ಸೀನಿಯಾರಿಟಿ ಹೋಯಿತು. ಐದು ವರ್ಷ ತುಂಬಿದರೆ ಕೆಲಸ ಬಿಡುವಾಗ ಕಂಪನಿಯಿಂದ ಸಿಗುತ್ತಿದ್ದ ಇಡಿಗಂಟು, ಗ್ರಾಚ್ಯುಯಿಟಿ, ಹೋಯಿತು. ಹದಿನೈದು ವರ್ಷ ಮೆಷಿನ್ ತುಳಿದವಳೂ ಟೈಲರ್ ಆಗಿಯೇ ಉಳಿಯುತ್ತಾಳೆ. ಐದು ವರ್ಷ ತುಂಬುವ ಮೊದಲು ತಾವೇ ರಾಜೀನಾಮೆ ಬರೆಸಿಕೊಂಡು ಮತ್ತೆ ಸೇರಿಸಿಕೊಳ್ಳುವ ಮಾಲೀಕರೂ ಇದ್ದಾರೆ. ಇವರಿಗೆ ಕೆಲಸದಲ್ಲಿ ನಿಷ್ಠೆ ಇಲ್ಲ ಅನ್ನೋದು ಅನ್ಯಾಯದ ಮಾತು.

2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾನೂನುಗಳ ಬದಲು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಗದಿತ ಅವಧಿಗೆ ನೇಮಕ ಆದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಅಂತ ಅದರಲ್ಲಿದೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು ಅಂತಲೂ ಇದೆ. ಈ ಸಂಹಿತೆಗಳಲ್ಲಿ ನನಗೆ ಒಪ್ಪಿಗೆ ಇಲ್ಲದ ಅಂಶಗಳೂ ಇವೆ, ಆದರೆ ಈ ಎರಡು ಒಳ್ಳೆಯವು. ರಾಜ್ಯದ ನಿಯಮಗಳಲ್ಲಿ ಇವಕ್ಕೆ ಹಲ್ಲು ಕೊಡುವುದು ನಿಮ್ಮ ಕೈಯಲ್ಲಿದೆ. ನೇಮಕಾತಿ ಪತ್ರ ಕನ್ನಡದಲ್ಲಿ ಇರಲಿ. ಸಿಟಿಸಿ ಎಷ್ಟು ಅನ್ನೋದಲ್ಲ, ತಿಂಗಳ ಕೊನೆಗೆ ಕೈಗೆ ಎಷ್ಟು ಬರುತ್ತೆ ಅನ್ನೋದು ಮೊದಲ ಸಾಲಿನಲ್ಲಿ ಇರಲಿ. ಉದ್ಯೋಗ ಮೇಳದ ಬ್ಯಾನರ್‌ಗೂ ಇದೇ ನಿಯಮ ಹಾಕಿ. ಇದಕ್ಕೆ ಸರ್ಕಾರದ ಒಂದು ಪೈಸೆಯೂ ಖರ್ಚಾಗಲ್ಲ.

ಹೆಣ್ಣುಮಕ್ಕಳು ಕೆಲಸ ಬಿಡಲು ಇನ್ನೊಂದು ಕಾರಣ ಮಗು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಕೆಲವು ಕಾರ್ಖಾನೆಯಲ್ಲಿ ಆ ಕೋಣೆ ಇನ್‌ಸ್ಪೆಕ್ಷನ್ ದಿನ ಮಾತ್ರ ತೆರೆಯುತ್ತೆ. ಇನ್ನು ಕೆಲವು ಕಡೆ ಕೋಣೆ ಇದೆ, ಆದರೆ ಬೆಳಗ್ಗೆ ತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಅಲ್ಲಿಗೆ ಬರಲು ಆಗೋದಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರು ಮಾಡಿದ ಸರ್ಕಾರ ನಿಮ್ಮದು. ತುಂಬಾ ಒಳ್ಳೆಯ ಯೋಚನೆ ಅದು. ಅದನ್ನೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ವಾಸ ಇರುವ ಬಡಾವಣೆಗಳಿಗೆ ತನ್ನಿ, ಖರ್ಚನ್ನು ಕಾರ್ಖಾನೆಗಳಿಂದ ಪಡೆಯಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಬಸ್ ಖರ್ಚು ಉಳಿದದ್ದು ಇವರಿಗೆ ಸಣ್ಣ ವಿಷಯ ಆಗಿರಲಿಲ್ಲ. ಸಂಬಳ ಹೆಚ್ಚಿಸಿದಷ್ಟೇ ಸಮಾಧಾನ ಅದು. ಈಗ ಬೇಕಿರೋದು ಶಿಫ್ಟ್ ಸಮಯಕ್ಕೆ ಕೈಗಾರಿಕಾ ಪ್ರದೇಶದ ಗೇಟಿನವರೆಗೆ ಬರುವ ಬಸ್. ರಾತ್ರಿ ಶಿಫ್ಟ್ ಮುಗಿಸಿದವಳು ಹೆದ್ದಾರಿಯಲ್ಲಿ ಆಟೋಗೆ ಕೈ ಅಡ್ಡ ಹಾಕಿ ನಿಲ್ಲಬಾರದು.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅದರಲ್ಲೂ ಸಣ್ಣ ವರ್ಕ್‌ಶಾಪ್‌ನವರದ್ದು. ಪೀಣ್ಯದಲ್ಲಿ ಹತ್ತು ಜನರನ್ನು ಇಟ್ಟುಕೊಂಡವರು ಹೊಸ ಹುಡುಗನಿಗೆ ತಾವೇ ಪಕ್ಕ ನಿಂತು ಸಿಎನ್‌ಸಿ ಸೆಟ್ಟಿಂಗ್ ಕಲಿಸುತ್ತಾರೆ. ಅವನು ಟೂಲ್ ಮುರಿದಾಗ ನಷ್ಟ ನುಂಗುತ್ತಾರೆ. ಕೈ ಕುದುರಿದ ಮೇಲೆ ದೊಡ್ಡ ಕಂಪನಿಯೊಂದು ಎರಡು ಸಾವಿರ ಜಾಸ್ತಿ ಕೊಟ್ಟು ಅವನನ್ನು ಕರೆದುಕೊಳ್ಳುತ್ತೆ. ಹುಡುಗ ಹೋಗೋದು ತಪ್ಪಲ್ಲ. ಆದರೆ ಕಲಿಸಿದವರಿಗೆ ಸಿಕ್ಕಿದ್ದೇನು? 'ಇನ್ನು ಮೇಲೆ ಯಾರಿಗೂ ಕಲಿಸಲ್ಲ ಮೇಷ್ಟ್ರೇ' ಅಂತ ಒಬ್ಬರು ನೊಂದು ಹೇಳಿದರು. ಇಂಥವರಿಗೆ ಸರ್ಕಾರದ ಪ್ರೋತ್ಸಾಹಧನ ಮೊದಲು ಸೇರಬೇಕು. ಇವರಲ್ಲಿ ಎರಡು ವರ್ಷ ಕಲಿತ ಹುಡುಗ ರಾಜ್ಯದಲ್ಲಿ ಎಲ್ಲೇ ಕೆಲಸದಲ್ಲಿ ಇದ್ದರೂ ಕಲಿಸಿದ ವರ್ಕ್‌ಶಾಪ್‌ಗೆ ಆ ಪ್ರೋತ್ಸಾಹಧನದ ಪಾಲು ಸಿಗಲಿ.

ಜನರನ್ನು ಉಳಿಸಿಕೊಳ್ಳೋದು ಹೇಗೆ ಅಂತ ನಮ್ಮ ರಾಜ್ಯಕ್ಕೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗ ಮೆಷಿನ್ ಜೊತೆಗೆ ತರಬೇತಿ ಕೇಂದ್ರವೂ ಬಂತು, ಕಾಲೋನಿ ಬಂತು, ಆಸ್ಪತ್ರೆ, ಶಾಲೆ, ಬಸ್ ಬಂದವು. ಎಚ್‌ಎಎಲ್, ಬಿಇಎಲ್ ಕೂಡ ಹಾಗೇ ಬೆಳೆದವು. ಅಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು ಫೋರ್‌ಮನ್ ಆಗಿ ನಿವೃತ್ತರಾದರು. ಅಲ್ಲಿ ಕೈ ಪಳಗಿದವರೇ ಎಷ್ಟೋ ಜನ ಹೊರಬಂದು ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದರು. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರ ಮನೆಗಳಿಗೆ ಈಗಲೂ ಹೋಗಿ ಕೇಳಿ. ಕಾರ್ಖಾನೆ 2016ರಲ್ಲಿ ಮುಚ್ಚಿತು, ಅದಕ್ಕೆ ಬೇರೆ ಕಾರಣಗಳಿದ್ದವು. ಆದರೆ ಅಲ್ಲಿನ ಕೆಲಸ ಸುಮ್ನೆ ಬಿಟ್ಟು ಬರುವಂಥದ್ದಾಗಿರಲಿಲ್ಲ. ಇಂದಿನ ಪೈಪೋಟಿಯಲ್ಲಿ ಪ್ರತಿ ಕಂಪನಿಯೂ ಕಾಲೋನಿ ಕಟ್ಟಲಿ ಅಂತ ನಾನು ಕೇಳುತ್ತಿಲ್ಲ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸಾವಿರಾರು ಎಕರೆ ಕೈಗಾರಿಕಾ ಪ್ರದೇಶ ಮಾಡುವಾಗ ಕಾರ್ಮಿಕರು ಮಲಗುವ ಜಾಗವನ್ನೂ ಅದರೊಳಗೇ ಸೇರಿಸಲಿ ಅಂತ ಕೇಳುತ್ತಿದ್ದೇನೆ. ಈಗ ಏನಾಗಿದೆ? ಪಕ್ಕದ ಹಳ್ಳಿಯಲ್ಲಿ ದನದ ಕೊಟ್ಟಿಗೆಯನ್ನೇ ಶೀಟ್ ಹಾಕಿ ರೂಮ್ ಮಾಡಿ ಬಾಡಿಗೆಗೆ ಕೊಡುತ್ತಿದ್ದಾರೆ. ಒಂದೇ ರೂಮಿನಲ್ಲಿ ಹಗಲು ಶಿಫ್ಟ್‌ನವರು ಎದ್ದು ಹೋದ ಮೇಲೆ ರಾತ್ರಿ ಶಿಫ್ಟ್‌ನವರು ಬಂದು ಮಲಗುತ್ತಾರೆ. ಹುಡುಗರಿಗೇ ಹೀಗಾದರೆ ಹುಡುಗಿಯರನ್ನು ಯಾವ ಅಪ್ಪ ಅಮ್ಮ ಕಳಿಸುತ್ತಾರೆ?

ಇದು ಕಾರ್ಖಾನೆಗಳ ಕಥೆ ಮಾತ್ರ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕೊಯ್ಲಿಗೆ ಜನ ಇಲ್ಲ ಅಂತ ಅಸ್ಸಾಂವರೆಗೂ ಹುಡುಕುತ್ತಾರೆ. ತೋಟದ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳ ಸ್ಥಿತಿ ನೋಡಿದ ಮಕ್ಕಳು ಅಪ್ಪ ಅಮ್ಮ ಮಾಡಿದ ಕೆಲಸಕ್ಕೆ ಬರಲು ಒಪ್ಪಲ್ಲ. ನರ್ಸ್‌ಗಳನ್ನೇ ನೋಡಿ. ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ ಆದೇಶದ ಮೇಲೆ ರಚನೆಯಾದ ಸಮಿತಿ 2016ರಲ್ಲೇ ಹೇಳಿತ್ತು. ಇಷ್ಟು ವರ್ಷ ಆದ ಮೇಲೂ ಅದಕ್ಕಿಂತ ಕಡಿಮೆಗೆ ರಾತ್ರಿ ಪಾಳಿ ಮಾಡುವವರಿದ್ದಾರೆ. ಅವರು ಗಲ್ಫ್‌ಗೋ ಜರ್ಮನಿಗೋ ಹೊರಟರೆ ತಪ್ಪು ಯಾರದ್ದು?

ಇನ್ನು ಡೆಲಿವರಿ ಕೆಲಸ. ಕಾರ್ಖಾನೆ ಬಿಟ್ಟ ನನ್ನ ಹುಡುಗರಲ್ಲಿ ಒಂದಷ್ಟು ಜನ ಬೈಕ್ ಹತ್ತಿ ಬೆಂಗಳೂರಿನಲ್ಲಿ ಊಟ, ದಿನಸಿ ಹಂಚುತ್ತಿದ್ದಾರೆ. ಮಳೆ, ಬಿಸಿಲು, ಟ್ರಾಫಿಕ್‌ನಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ದುಡಿಯುತ್ತಾರೆ. ಮೈ ಬಗ್ಗಲ್ಲ ಅನ್ನುವವರು ಇವರನ್ನು ಒಂದು ದಿನ ಹಿಂಬಾಲಿಸಲಿ. ಯಾಕೆ ಹೋದೆ ಅಂತ ಒಬ್ಬನನ್ನು ಕೇಳಿದೆ. ಅವನು ದುಡ್ಡಿನ ಮಾತು ಆಮೇಲೆ ಎತ್ತಿದ. ಮೊದಲು ಹೇಳಿದ್ದು, 'ಅಲ್ಲಿ ಬಾತ್‌ರೂಮಿಗೆ ಹೋಗಲೂ ಲೈನ್ ಲೀಡರ್ ಹತ್ರ ಕೇಳ್ಬೇಕಿತ್ತು ಸಾರ್. ತಂಗಿ ಮದುವೆಗೆ ಎರಡು ದಿನ ರಜೆ ಕೇಳಿದ್ದಕ್ಕೆ ಎಲ್ಲರ ಎದುರು ಬೈದ್ರು.' ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ರಾಜ್ಯ ಕಾನೂನು ಮಾಡಿರುವುದಕ್ಕೆ ನಾನು ಕೃತಜ್ಞ. ಆದರೆ ಎರಡು ವರ್ಷ ಫೈಲ್ ಹಿಡಿದು ಕಲಿತ ಕೈಗಳು ಪಾರ್ಸೆಲ್ ಹಿಡಿಯುವ ಹಾಗೆ ಆದದ್ದು ಆ ಹುಡುಗನ ನಷ್ಟ, ನಮ್ಮೆಲ್ಲರ ನಷ್ಟ. ಸೂಪರ್‌ವೈಸರ್‌ಗಳಿಗೆ ಮೆಷಿನ್ ಬಗ್ಗೆ ಕೊಡುವ ತರಬೇತಿಯಲ್ಲಿ ಕಾಲು ಭಾಗ ಮನುಷ್ಯರ ಜೊತೆ ಮಾತಾಡುವ ಬಗ್ಗೆ ಕೊಟ್ಟರೂ ಸಾಕು, ಅರ್ಧ ಜನ ಉಳಿಯುತ್ತಾರೆ ಅಂತ ನನ್ನ ನಂಬಿಕೆ.

ನನ್ನ ಮುಖ್ಯ ಬೇಡಿಕೆ ಒಂದೇ. ಇಷ್ಟು ಜನರಿಗೆ ಉದ್ಯೋಗ ಕೊಡಿಸಿದೆವು ಅಂತ ಇಲಾಖೆ ಹೇಳುವಾಗ, ಒಂದು ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ಕೆಲಸದಲ್ಲಿ ಇದ್ದಾರೆ ಅಂತಲೂ ಹೇಳಿ. ಗ್ರಾಮೀಣ ಯುವಕರಿಗಾಗಿ ಇರುವ ಕೇಂದ್ರದ ಡಿಡಿಯು-ಜಿಕೆವೈ ಯೋಜನೆಯಲ್ಲಿ ಮೂರು ತಿಂಗಳು ಕೆಲಸದಲ್ಲಿದ್ದರೆ ಮಾತ್ರ ಉದ್ಯೋಗ ಸಿಕ್ಕಿತು ಅಂತ ಲೆಕ್ಕ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲೂ ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ ಕೊಡುವ ದುಡ್ಡನ್ನು ಆರು ತಿಂಗಳು, ಹನ್ನೆರಡು ತಿಂಗಳು ಉಳಿಯುವುದಕ್ಕೆ ಕಟ್ಟಿದ್ದಾರೆ. ಅಂದರೆ ಇದು ಆಗದ ಕೆಲಸ ಅಲ್ಲ. ಪಿಎಫ್ ಕಟ್ ಆಗುವ ಪ್ರತಿ ಕಾರ್ಮಿಕನಿಗೂ, ಕಂಪನಿ ಬದಲಿಸಿದರೂ ಬದಲಾಗದ ಯುಎಎನ್ ನಂಬರ್ ಇರುತ್ತೆ. ತಿಂಗಳು ತಿಂಗಳು ಯಾವ ಕಂಪನಿಯಿಂದ ಕಂತು ಬಂತು ಅಂತ ಅದರಲ್ಲಿ ದಾಖಲಾಗುತ್ತೆ. ನಿಮ್ಮ ಉದ್ಯೋಗ ಮೇಳದ ಪಟ್ಟಿಯನ್ನು ಆ ದಾಖಲೆ ಜೊತೆ ಹೋಲಿಸಿ ನೋಡಿದರೆ ಯಾವ ಕಂಪನಿಯಲ್ಲಿ ಜನ ಉಳಿಯುತ್ತಾರೆ, ಎಲ್ಲಿ ಬಿಟ್ಟು ಓಡುತ್ತಾರೆ ಅನ್ನೋದು ಗೊತ್ತಾಗುತ್ತೆ. ಕಾರ್ಮಿಕರ ಹೆಸರು ಬೇಡ. ಕಂಪನಿವಾರು ಲೆಕ್ಕ ಮಾತ್ರ ಪ್ರಕಟಿಸಿ. ಜನ ಉಳಿಯುವ ಕಂಪನಿಗೆ ಸಬ್ಸಿಡಿ, ಜಮೀನು, ಪ್ರಶಸ್ತಿ ಎಲ್ಲಾ ಕೊಡಿ. ವರ್ಷ ವರ್ಷ ಜನರನ್ನು ಬದಲಿಸುವ ಕಂಪನಿಗೆ ಉದ್ಯೋಗ ಮೇಳದಲ್ಲಿ ಮೇಜು ಹಾಕಲು ಬಿಡಬೇಡಿ.

ನಮ್ಮ ಐಟಿಐಗಳಿಂದಲೂ ಇದೇ ಲೆಕ್ಕ ಕೇಳಿ. ನಾವು ಸಿದ್ಧ. ಆದರೆ ಹಾಗೆ ಕೇಳುವ ಮೊದಲು ಖಾಲಿ ಇರುವ ಬೋಧಕ ಹುದ್ದೆಗಳನ್ನು ತುಂಬಿ. ನನ್ನ ಪಕ್ಕದ ವರ್ಕ್‌ಶಾಪ್‌ನಲ್ಲಿ ಕಲಿಸುವವರು ಅತಿಥಿ ಬೋಧಕರು. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಅವರ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತೆ. ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಿ ಅಂತ ಅವರು ಹುಡುಗರಿಗೆ ಯಾವ ಬಾಯಲ್ಲಿ ಹೇಳಬೇಕು?

ಇಡೀ ರಾಜ್ಯಕ್ಕೆ ಒಂದೇ ಸಲ ಕಷ್ಟ ಅನ್ನಿಸಿದರೆ ತುಮಕೂರು ಜಿಲ್ಲೆಯಿಂದ ಶುರು ಮಾಡಿ. ವಸಂತನರಸಾಪುರ ಇಲ್ಲೇ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಗಾರ್ಮೆಂಟ್ಸ್ ಇವೆ, ಸಣ್ಣ ವರ್ಕ್‌ಶಾಪ್ ಇವೆ. ಐಟಿಐ ಮುಗಿಸಿ ಹೋದವರ ಪಟ್ಟಿ ನಮ್ಮ ಕಚೇರಿಗಳಲ್ಲೇ ಇದೆ. ಮುಂದಿನ ಅಡ್ಮಿಷನ್ ಶುರುವಾಗುವ ಮೊದಲು ಒಂದು ವರ್ಷದ ಲೆಕ್ಕ ಹೊರಗೆ ಬಂದರೆ, ಯಾವ ಟ್ರೇಡ್ ತಗೊಳ್ಳಲಿ, ಯಾವ ಕಂಪನಿಗೆ ಹೋಗಲಿ ಅಂತ ಕೇಳುವ ಮಕ್ಕಳಿಗೆ ನಾನು ಅದನ್ನೇ ತೋರಿಸಿ ಉತ್ತರ ಹೇಳುತ್ತೇನೆ.

ಇಂತಿ,
ಒಬ್ಬ ಐಟಿಐ ಬೋಧಕ
ತುಮಕೂರು ಜಿಲ್ಲೆ